ಬೇವರ್ಸಿಯ ವಾರಸುದಾರರು

ಕುಂದಾಪುರದ ಕಡೆ ಬೈಗುಳಕ್ಕೂ ತೂಕದ ಲೆಕ್ಕ ಇದೆ. ಕೆಲವು ಶಬ್ದ ಬಾಯಿಂದ ಬಿದ್ದರೆ ಹೊಡೆದಾಟವೇ ಆಗಬೇಕು. ಕೆಲವನ್ನು ಅಜ್ಜಿ ಮೊಮ್ಮಗನಿಗೆ ದಿನವಿಡೀ ಹೇಳಿದರೂ ಯಾರ ಕಿವಿಯೂ ಬಿಸಿಯಾಗುವುದಿಲ್ಲ. ಈ ಎರಡಕ್ಕೂ ನಡುವಿನದು ‘ಬೇವರ್ಸಿ’. ‘ಎಲ್ ಹೋಯಿದ್ಯಾ ಬೇವರ್ಸಿ, ಕಾಂಬುಕೇ ಇಲ್ಲ’ ಎಂದು ಹಳೆಯ ಗೆಳೆಯ ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಕೂಗಿದರೆ ಅದು ಪ್ರೀತಿ. ಅದೇ ಮಾತನ್ನು ಸಾಲ ಕೊಟ್ಟವನು ಅದೇ ಜಾಗದಲ್ಲಿ ಹೇಳಿದರೆ ಸುತ್ತ ನಿಂತವರು ಸ್ವಲ್ಪ ಸರಿದು ಜಾಗ ಬಿಡುತ್ತಾರೆ. ಊರ ಗದ್ದೆಗೆ ನುಗ್ಗುವ ದನವೂ ಬೇವರ್ಸಿ, ಮನೆಗೆ ಹೊತ್ತಿಗೆ ಬಾರದ ಮಗನೂ ಬೇವರ್ಸಿ, ಹೇಳದೆ ಕೇಳದೆ ಕೈಕೊಡುವ ಮೋಟರ್ ಪಂಪೂ ಬೇವರ್ಸಿ. ಸೀತಾನದಿಯ ಉತ್ತರಕ್ಕೆ ಕುಂದಾಪ್ರ ಕನ್ನಡ, ಬ್ರಹ್ಮಾವರ ದಾಟಿ ದಕ್ಷಿಣಕ್ಕೆ ಹೋದಂತೆ ತುಳು. ಭಾಷೆ ಬದಲಾದರೂ ಈ ಬೈಗುಳ ಬದಲಾಗುವುದಿಲ್ಲ.

ಇಷ್ಟೆಲ್ಲ ಓಡಾಡುವ ಶಬ್ದ ಎಲ್ಲಿಂದ ಬಂತು?

ಮೊದಲು ತೋಚುವುದು ಬೆವರು. ಬೆವರಿಳಿಸುವವನು, ಬೆವರು ಹರಿಸದೆ ತಿನ್ನುವವನು ಎಂದೆಲ್ಲ ಹೊಸೆಯಬಹುದು. ಕೇಳಲು ಚೆನ್ನಾಗಿರುವ ವ್ಯುತ್ಪತ್ತಿಯನ್ನು ಮೊದಲು ಅನುಮಾನಿಸಬೇಕು. ಈ ವಿಷಯದಲ್ಲಿ ಇಂಗ್ಲಿಷಿನವರು ನಮಗಿಂತ ಹೆಚ್ಚು ಪೆಟ್ಟು ತಿಂದಿದ್ದಾರೆ. ಅವರಲ್ಲಿ ‘ಕ್ರ್ಯಾಪ್’ ಎಂಬ ಅರೆ ಕೊಳಕು ಶಬ್ದ ಉಂಟು. ಲಂಡನ್ನಿನಲ್ಲಿ ಶೌಚದ ಕೊಳಾಯಿ ಸಾಮಾನು ಮಾರುತ್ತಿದ್ದ ಥಾಮಸ್ ಕ್ರ್ಯಾಪರ್ ಎಂಬಾತನ ಹೆಸರಿನಿಂದಲೇ ಅದು ಹುಟ್ಟಿತು ಎಂದು ನಂಬಿದವರು ಇಂದಿಗೂ ಇದ್ದಾರೆ. ಕ್ರ್ಯಾಪರ್ ನಿಜವಾದ ಮನುಷ್ಯ, ಅವನ ವ್ಯಾಪಾರವೂ ನಿಜ. ಆದರೆ ಆ ಶಬ್ದ ಅವನು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಕಾಳಿನ ಹೊಟ್ಟು, ಗುಡಿಸಿ ಎಸೆಯುವ ಕಸ ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿತ್ತು. ಹೆಸರು ಕಾಕತಾಳೀಯವಾಗಿ ಹೊಂದಿಕೊಂಡಿತು, ಕತೆ ಹುಟ್ಟಿತು. ಬೆವರಿನ ಕತೆಯೂ ಅದೇ ಜಾತಿಯದು. ‘ಬೆವರು’ ಶಬ್ದದ ಮೊದಲ ಸ್ವರ ಹ್ರಸ್ವ, ‘ಬೇವರ್ಸಿ’ಯದು ದೀರ್ಘ. ಹ್ರಸ್ವವನ್ನು ಎಳೆದು ದೀರ್ಘ ಮಾಡುವ ಅಭ್ಯಾಸ ಕುಂದಾಪ್ರ ಕನ್ನಡಕ್ಕಿಲ್ಲ. ಅದರ ಹುಟ್ಟುಗುಣವೇ ಚುಟುಕು ಮಾಡುವುದು. ಕುಂದಾಪುರ ಕುಂದಾಪ್ರ ಆಗುತ್ತದೆ, ಕೆಲಸ ಕೆಲ್ಸ ಆಗುತ್ತದೆ, ಹೆಂಗಸು ಹೆಂಗ್ಸ್ ಆಗುತ್ತಾಳೆ. ಹಾಗಾದರೆ ಹುಡುಕಬೇಕಾದದ್ದು ಈಗಿನದಕ್ಕಿಂತ ಉದ್ದವಾದ, ನಡುವೆ ಇನ್ನೊಂದು ಸ್ವರ ಇದ್ದ ಶಬ್ದವನ್ನು.

ಹುಡುಕುವವರು ಯಾರು ಎಂಬುದು ಇನ್ನೊಂದು ತೊಡಕು. ನಿಘಂಟುಕಾರರು ಮರ್ಯಾದಸ್ಥರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1884ರಿಂದ 1928ರವರೆಗೆ ಕಂತುಕಂತಾಗಿ ಬಂತು. ಅಷ್ಟು ವರ್ಷ ಲಕ್ಷಾಂತರ ಶಬ್ದಗಳನ್ನು ಜಾಲಾಡಿದವರು ಲಂಡನ್ನಿನ ಪ್ರತಿ ಗಾಡಿಯವನ ಬಾಯಲ್ಲಿದ್ದ ಎರಡು ಪದಗಳನ್ನು ಮಾತ್ರ ಕಂಡೂ ಕಾಣದಂತೆ ಬಿಟ್ಟರು. ಪುರವಣಿಯಲ್ಲಿ ಅವು ಒಳಗೆ ಬರಲು 1972 ಆಗಬೇಕಾಯಿತು. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಆಲನ್ ವಾಕರ್ ರೀಡ್ ಎಂಬ ವಿದ್ವಾಂಸ 1928ರ ಬೇಸಿಗೆಯಲ್ಲಿ ಪಶ್ಚಿಮ ಅಮೆರಿಕ ಮತ್ತು ಕೆನಡಾ ಸುತ್ತುತ್ತ ಸಾರ್ವಜನಿಕ ಶೌಚಾಲಯಗಳ ಗೋಡೆಬರಹಗಳನ್ನು ಶ್ರದ್ಧೆಯಿಂದ ನಕಲು ಮಾಡಿಕೊಂಡ. ಅದನ್ನು ತನ್ನ ದೇಶದಲ್ಲಿ ಅಚ್ಚು ಹಾಕಿಸಲಾಗದೆ 1935ರಲ್ಲಿ ಪ್ಯಾರಿಸ್ಸಿನಲ್ಲಿ 75 ಪ್ರತಿ ಮಾತ್ರ ಮುದ್ರಿಸಿದ. ಇದೇ ರೀಡ್ ಮುಂದೆ ‘ಓಕೆ’ಯ ಬೇರನ್ನು 1839ರ ಬೋಸ್ಟನ್ ಪತ್ರಿಕೆಯೊಂದರ ತಮಾಷೆಯ ತಪ್ಪು ಕಾಗುಣಿತದಲ್ಲಿ ಪತ್ತೆ ಹಚ್ಚಿದ. ಗೋಡೆಬರಹವನ್ನೂ ಸಂಪಾದಕೀಯವನ್ನೂ ಒಂದೇ ಕಣ್ಣಿನಿಂದ ಓದಬಲ್ಲವನಿಗೆ ಮಾತ್ರ ಇಂಥ ಪತ್ತೆದಾರಿ ದಕ್ಕುತ್ತದೆ.

ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಉಪಕರಣ ಒದಗಿಸಿದವರು ಪಾದ್ರಿಗಳು ಎಂಬುದು ಸ್ವಾರಸ್ಯ. ಬಾಸೆಲ್ ಮಿಷನ್ನಿನ ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ ಕೋಶ ಬಂದದ್ದು 1894ರಲ್ಲಿ. ಕಿಟೆಲ್ ಕೋಶವನ್ನು ಅರ್ಥಕ್ಕಾಗಿ ತೆರೆಯುವವರೇ ಹೆಚ್ಚು. ಆದರೆ ಪತ್ತೆದಾರಿಗೆ ಬೇಕಾದದ್ದು ಅರ್ಥದ ಅಕ್ಕಪಕ್ಕದ ಪುಟ್ಟ ಗುರುತುಗಳು: ಇದು ಹಿಂದೂಸ್ತಾನಿಯಿಂದ ಬಂದದ್ದು, ಇದು ಮರಾಠಿಯಿಂದ ಬಂದದ್ದು, ಇದು ತದ್ಭವ ಎಂದು ಒಂದೆರಡು ಅಕ್ಷರದಲ್ಲಿ ಅವರು ಹಾಕಿಟ್ಟ ಚೀಟಿ. ಮರಾಠಿಗೆ ಇದೇ ಉಪಕಾರವನ್ನು ಮೋಲ್ಸ್‌ವರ್ತ್ ಅದಕ್ಕೂ ಮೊದಲು, 1831ರಲ್ಲೇ ಮಾಡಿದ್ದ. ಪಾರಸಿ, ಅರಬ್ಬಿ ಶಬ್ದಗಳಿಗೆಲ್ಲ ಅವನ ಕೋಶದಲ್ಲಿ ಗುರುತು ಉಂಟು. ಈ ಎರಡು ಕೋಶಗಳನ್ನು ಪಕ್ಕಪಕ್ಕ ಇಟ್ಟುಕೊಂಡು ‘ಬೇ’ ಅಕ್ಷರದಿಂದ ಶುರುವಾಗುವ ಪದಗಳ ಸಾಲನ್ನು ಸುಮ್ಮನೆ ಓದಿದರೆ ಸಾಕು, ಮೊದಲ ಸುಳಿವು ಸಿಗುತ್ತದೆ.

ಆ ಸಾಲಿನಲ್ಲಿ ಬೇಟೆ, ಬೇಲಿ ಇಂಥವೆಲ್ಲ ನಮ್ಮ ಮಣ್ಣಿನವು. ಅವುಗಳ ನಡುವೆ ಇನ್ನೊಂದು ಗುಂಪು ಸದ್ದಿಲ್ಲದೆ ಕೂತಿದೆ: ಬೇಕಾರು, ಬೇನಾಮಿ, ಬೇಮಾನು, ಬೇಫಿಕರು, ಬೇಜವಾಬ್ದಾರಿ. ಈ ಗುಂಪಿನ ‘ಬೇ’ ಪಾರಸಿಯ ಉಪಸರ್ಗ, ‘ಇಲ್ಲದ’ ಎಂದು ಅರ್ಥ. ಹೆಸರಿಲ್ಲದ್ದು ಬೇನಾಮಿ, ಜವಾಬು ಹೊರದವನದು ಬೇಜವಾಬ್ದಾರಿ. ‘ಬೇ’ಯನ್ನು ಕಳಚಿ ಪಕ್ಕಕ್ಕಿಟ್ಟರೆ ಕೈಯಲ್ಲಿ ಉಳಿಯುವುದು ‘ವರ್ಸಿ’. ಕುಂದಾಪುರದ ನಾಲಗೆ ನುಂಗಿದ ಸ್ವರಗಳನ್ನು ಅದಕ್ಕೆ ಮರಳಿ ಕೊಟ್ಟರೆ ‘ವಾರಸಿ’. ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಇದರ ಗುರುತು ಹಿಡಿಯಲು ನಿಘಂಟು ಬೇಡ. ವಾರಸು, ವಾರಸುದಾರ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಕೊಡುವಾಗ ಬರೆಯುವ ಅದೇ ಶಬ್ದ. ಬೇವರ್ಸಿ ಎಂದರೆ ವಾರಸುದಾರರಿಲ್ಲದ್ದು.

ಕಡೆಗೂ ಶಬ್ದ ಸಿಕ್ಕಿತು. ಆದರೆ ಅದು ಯಾವ ದಾರಿಯಲ್ಲಿ ಬಂತು ಎಂಬುದು ಇನ್ನೂ ಉಳಿದಿತ್ತು, ನನ್ನ ಮಟ್ಟಿಗೆ ಅದೇ ಹೆಚ್ಚು ರುಚಿಯ ಭಾಗ.

‘ವಾರಿಸ್’ ಮೂಲದಲ್ಲಿ ಅರಬ್ಬಿ ಶಬ್ದ. ಅರಬ್ಬಿ ಮಾತಾಡುವವರಿಗೆ ಈ ಕರಾವಳಿ ಹೊಸದಲ್ಲ. ಸುಮಾರು 1342ರಲ್ಲಿ ಇಬ್ನ್ ಬತೂತ ಈ ದಡದಲ್ಲೇ ಹಾದುಹೋದ. ಬಸ್ರೂರು ಅವನ ಬರಹದಲ್ಲಿ ಅಬೂ ಸರೂರ್, ಬಾರ್ಕೂರು ಫಾಕನೂರ್. ಫಾಕನೂರಿನ ದೊರೆಗೆ ಮೂವತ್ತು ಯುದ್ಧನೌಕೆಗಳಿದ್ದವು, ಅವುಗಳ ಮುಖ್ಯಸ್ಥ ಮುಸ್ಲಿಮ ಎಂದು ಬರೆದಿಟ್ಟಿದ್ದಾನೆ. ಅದಕ್ಕಿಂತ ನಮಗೆ ಬೇಕಾದ ಮಾತು ಅವನು ಸುಮಾರು ಹತ್ತು ವರ್ಷದ ನಂತರ, ಸಾವಿರಾರು ಮೈಲಿ ದೂರದ ಸಹಾರಾ ಮರುಭೂಮಿಯ ಅಂಚಿನ ಊರೊಂದರಲ್ಲಿ ಕುಳಿತಾಗ ನೆನೆದದ್ದು. ಅಲ್ಲಿಯ ಜನ ಆಸ್ತಿಯನ್ನು ಮಗನಿಗೆ ಕೊಡದೆ ಸೋದರಳಿಯನಿಗೆ ಕೊಡುವುದನ್ನು ಕಂಡು, ಇಂಥ ಪದ್ಧತಿಯನ್ನು ಲೋಕದಲ್ಲಿ ಮಲಬಾರಿನವರಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ ಎಂದ. ಅವನ ಲೆಕ್ಕದಲ್ಲಿ ಮಲಬಾರು ಶುರುವಾಗುವುದು ಗೋವೆಯಿಂದ. ನಮ್ಮ ಬಸ್ರೂರು, ಬಾರ್ಕೂರು ಎರಡೂ ಅದರೊಳಗೇ. ಅರಬ್ಬಿ ನುಡಿಯುವವನು, ಖಾಜಿಯಾಗಿದ್ದವನು, ಕುಂದಾಪುರದ ಕಡಲದಂಡೆಯ ವಾರಸುದಾರಿಕೆಯ ಬಗ್ಗೆ ಯೋಚಿಸಿದ್ದಾನೆ. ಶಬ್ದ ಇವನ ಕಾಲದಲ್ಲೇ ಹಡಗಿನಿಂದ ಇಳಿಯಿತು ಎಂದು ಬರೆದುಬಿಡಲು ಕೈ ತುರಿಸುತ್ತದೆ.

ಆದರೆ ‘ಬೇ’ ಬಿಡುವುದಿಲ್ಲ. ಅರಬ್ಬಿಯವನಿಗೆ ‘ಇಲ್ಲ’ ಎಂದರೆ ‘ಲಾ’. ಉತ್ತರದಲ್ಲಿ ಹಾಗೆಯೇ ಆಯಿತು: 1981ರಲ್ಲಿ ಅಮಿತಾಭ್ ಬಚ್ಚನ್ ನಟಿಸಿದ ‘ಲಾವಾರಿಸ್’ ಹಿಂದಿಯವರ ಬೇವರ್ಸಿ. ಹಡಗಿನಿಂದಿಳಿದ ಅರಬ್ಬಿಯಾಗಿದ್ದರೆ ನಮ್ಮಲ್ಲೂ ‘ಲಾವರ್ಸಿ’ ಎಂಬಂಥ ರೂಪ ಇರಬೇಕಿತ್ತು. ಇನ್ನೊಂದು ಸುಳಿವು ‘ಸ’ಕಾರ. ಶಿಷ್ಟ ಅರಬ್ಬಿಯಲ್ಲಿ ಆ ಶಬ್ದದ ಕೊನೆಗೆ ಇರುವುದು ನಾಲಗೆಯ ತುದಿ ಹಲ್ಲಿಗೆ ತಾಗುವ, ‘ಥ’ದ ಹತ್ತಿರದ ಧ್ವನಿ. ಪಾರಸಿಯವರು ಬರವಣಿಗೆಯಲ್ಲಿ ಅರಬ್ಬಿ ಅಕ್ಷರವನ್ನೇ ಉಳಿಸಿಕೊಂಡು ಬಾಯಲ್ಲಿ ‘ಸ’ ಎಂದರು. ಈ ಸುಳಿವು ಒಂದೇ ಇದ್ದಿದ್ದರೆ ನಂಬುವಂತಿರಲಿಲ್ಲ, ಯಾಕೆಂದರೆ ಕರಾವಳಿಯ ಬ್ಯಾರಿಗಳೂ ‘ಹದೀಸ್’ ಎಂದೇ ಹೇಳುತ್ತಾರೆ. ‘ಬೇ’ಯ ಜೊತೆ ಸೇರಿದಾಗ ಮಾತ್ರ ಸಾಕ್ಷಿ ಗಟ್ಟಿಯಾಗುತ್ತದೆ. ಶಬ್ದ ಬಂದದ್ದು ಪಾರಸಿ ಓದುಬರಹ ನಡೆಯುತ್ತಿದ್ದ ಕಚೇರಿಗಳ ಮೂಲಕ, ಅಂದರೆ ಘಟ್ಟದ ಮೇಲಿನಿಂದ.

ಮೂರನೆಯ ಸುಳಿವು ಕೊನೆಯ ‘ಇ’. ತೆಲುಗಿನವರು ‘ಬೇವಾರ್ಸು’ ಎನ್ನುತ್ತಾರೆ, ನಮ್ಮ ಹಳೆಯ ಕಚೇರಿ ಕನ್ನಡದಲ್ಲಿ ‘ಬೇವಾರಸು ಮಾಲು’. ಎರಡೂ ಉಕಾರಾಂತ. ಕರಾವಳಿಯಲ್ಲಿ ಮಾತ್ರ ಇಕಾರ ಯಾಕೆ? ಮರಾಠಿಯಲ್ಲಿ ‘ಬೇವಾರಸ’ದ ಜೊತೆಗೆ ‘ಬೇವಾರಶಿ’ ಎಂಬ ರೂಪವೂ ಇದೆ, ಬೇವಾರಶಿ ದನ, ಬೇವಾರಶಿ ಸಾಮಾನು ಎಂದು ವಿಶೇಷಣವಾಗಿ ಬಳಕೆಯಾಗುವುದು ಅದೇ. ಮರಾಠಿ ನಾಲಗೆಗೆ ‘ಇ’ ಮುಂದೆ ಬಂದಾಗ ‘ಸ’ ಹೊರಳಿ ‘ಶ’ ಆಗುತ್ತದೆ, ನಮ್ಮವರಿಗೆ ಆ ಹೊರಳು ಬೇಕಾಗಲಿಲ್ಲ. ಮರಾಠಿ ಬಲ್ಲ ಗುಮಾಸ್ತರು ದಕ್ಷಿಣದ ಕಂದಾಯ ಕಚೇರಿಗಳಲ್ಲಿ ತುಂಬಿದ್ದುದು ಮದರಾಸು ಪ್ರಾಂತ್ಯದ ಇತಿಹಾಸ ಓದಿದವರಿಗೆಲ್ಲ ಗೊತ್ತು. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯಲ್ಲಿ ಬಾಲ ಬದಲಾಗಿ ತಲೆ ಸೇರಿಸಿಕೊಂಡು, ಮರಾಠಿ ಲೆಕ್ಕಿಗರ ಕೈ ಹಿಡಿದು ಬೇವರ್ಸಿ ಕರಾವಳಿಗೆ ಇಳಿದಿರಬೇಕು ಎಂಬುದು ನನ್ನ ತೀರ್ಮಾನ.

ಇಲ್ಲಿ ಒಂದು ತಮಾಷೆ ಹೇಳದೆ ಮುಂದೆ ಹೋಗಲಾಗದು. 1665ರ ಫೆಬ್ರವರಿಯಲ್ಲಿ ಹಡಗುಗಳ ದಂಡು ಕಟ್ಟಿಕೊಂಡು ಬಂದು ಬಸ್ರೂರನ್ನು ಸೂರೆ ಮಾಡಿದ ಶಿವಾಜಿ, ಮುಂದೆ ತನ್ನ ಆಡಳಿತದಿಂದ ಪಾರಸಿ ಶಬ್ದಗಳನ್ನು ಹೊರಹಾಕಲು ‘ರಾಜ್ಯವ್ಯವಹಾರ ಕೋಶ’ ಎಂಬ ನಿಘಂಟನ್ನೇ ಬರೆಸಿದ. ಒಂದೊಂದು ಪಾರಸಿ ಪದಕ್ಕೂ ಒಂದೊಂದು ಸಂಸ್ಕೃತ ಪದ. ಕೋಶ ಉಳಿಯಿತು, ಪಾರಸಿ ಪದಗಳೂ ಉಳಿದವು. ಅವನ ನಂತರದ ಮರಾಠಿ ಗುಮಾಸ್ತರೇ ಅವುಗಳನ್ನು ಊರೂರಿಗೆ ಹಂಚಿದರು.

ಕುಂದಾಪುರ ಸೀಮೆಯ ಕಚೇರಿ ಭಾಷೆ ಕದಡಿದ್ದು ಮುಖ್ಯವಾಗಿ 1763ರ ಬಳಿಕ. ಆ ವರ್ಷ ಹೈದರಾಲಿ ಬಿದನೂರನ್ನು ಹಿಡಿದ, ಕೆಳದಿ ಅರಸರ ಕರಾವಳಿ ಅವನ ಕೈಗೆ ಬಂತು. ಟಿಪ್ಪುವಿನ ಕಾಲಕ್ಕೆ ಲೆಕ್ಕಪತ್ರಕ್ಕೆ ಪಾರಸಿ ಬೇಕು ಎಂದಾಯಿತು. 1799ರಲ್ಲಿ ಕಂಪನಿ ಸರಕಾರದ ಮೊದಲ ಕಲೆಕ್ಟರಾಗಿ ಥಾಮಸ್ ಮನ್ರೋ ಬಂದಾಗ ಆಳುವವರು ಬದಲಾದರೇ ಹೊರತು ಅರ್ಜಿ, ಜಪ್ತಿ, ಅಮಾನತ್ತು, ತಹಶೀಲ್ದಾರ ಯಾವುದೂ ಜಾಗ ಬಿಡಲಿಲ್ಲ. ಸಾಲದ್ದಕ್ಕೆ ಮನೆತನ ಅಳಿದುಹೋದ ಭೂಮಿ ಎಂಬುದು ಮನ್ರೋನ ದಿನನಿತ್ಯದ ತಲೆನೋವಾಗಿತ್ತು. ಮೂಲದ ಒಡೆಯರ ಕೈಯಲ್ಲಿ ಉಳಿದದ್ದು ಮೂಲವರ್ಗ, ಒಡೆತನ ತಪ್ಪಿ ಸರಕಾರಕ್ಕೆ ಸೇರಿದ್ದು ಗೇಣಿವರ್ಗ ಎಂಬ ವಿಂಗಡಣೆ ದಕ್ಷಿಣ ಕನ್ನಡದ ಕಡತಗಳಲ್ಲಿ ಬಹುಕಾಲ ಇತ್ತು. ಇದು ಯಾರದ್ದು, ಇದಕ್ಕೆ ಹಕ್ಕುದಾರ ಯಾರು ಎಂದು ಶಾನುಭೋಗ ಪ್ರತಿ ಊರಿನಲ್ಲಿ ಕೂತು ಕೇಳುವಾಗ ‘ಬೇವಾರಸಿ’ ಎಂಬ ಉತ್ತರ ಎಷ್ಟೋ ಸಲ ಬರೆಯಲ್ಪಟ್ಟಿರಬೇಕು. ಕೇಳಿಸಿಕೊಂಡವರು ಗದ್ದೆಯಲ್ಲಿ ನಿಂತ ರೈತರು.

ಹಾಗಿದ್ದರೆ ಈ ಶಬ್ದ ಬೆಂಗಳೂರು, ಧಾರವಾಡದ ಕಚೇರಿಗಳಲ್ಲೂ ಇತ್ತಲ್ಲ, ಬೈಗುಳವಾಗಿ ಕರಾವಳಿಯಲ್ಲೇ ಇಷ್ಟು ಬೇರೂರಿದ್ದು ಯಾಕೆ? ಇದಕ್ಕೆ ಕಡತದ ಸಾಕ್ಷಿ ಕೊಡಲು ಬರುವುದಿಲ್ಲ, ಊಹೆ ಮಾಡಬಹುದು. ನನ್ನ ಊಹೆ ಅಳಿಯಸಂತಾನದ ಕಡೆಗೆ ಬೊಟ್ಟು ಮಾಡುತ್ತದೆ.

ಬಂಟರು, ಬಿಲ್ಲವರು, ಮೊಗವೀರರು ಸೇರಿದಂತೆ ಈ ಕಡೆಯ ಅನೇಕ ಜಾತಿಗಳಲ್ಲಿ ಆಸ್ತಿ ಹೋಗುತ್ತಿದ್ದುದು ಹೆಣ್ಣಿನ ದಾರಿಯಲ್ಲಿ. 1801ರಲ್ಲಿ ಈ ಮಾರ್ಗವಾಗಿ ಸಾಗಿದ ಫ್ರಾನ್ಸಿಸ್ ಬುಕಾನನ್ ಕೂಡ ಬಂಟರಲ್ಲಿ ಆಸ್ತಿ ಸಹೋದರಿಯ ಮಕ್ಕಳಿಗೆ ಹೋಗುವುದನ್ನು ಗುರುತು ಹಾಕಿಕೊಂಡ. ಪಕ್ಕದ ಕೋಟ ಬ್ರಾಹ್ಮಣರ, ಕೊಂಕಣಿಗರ ಮನೆಯಲ್ಲಿ ಮಕ್ಕಳ ಸಂತಾನ. ಒಂದೇ ಕೇರಿಯಲ್ಲಿ ಎರಡು ಕಾನೂನು. ಎಲ್ಲಿ ವಾರಸುದಾರಿಕೆ ಸುಮ್ಮನೆ ಆಗಿಹೋಗುವ ಸಂಗತಿಯಲ್ಲವೋ, ಅಲ್ಲಿ ಜನ ಅದರ ಬಗ್ಗೆ ಹೆಚ್ಚು ಮಾತಾಡುತ್ತಾರೆ. ಅಳಿಯಸಂತಾನದ ಮನೆಯಲ್ಲಿ ಅಪ್ಪ ಯಾರು ಎಂಬ ಪ್ರಶ್ನೆಯಿಂದ ಮಗುವಿನ ಹಕ್ಕು ಹೋಗುವುದಿಲ್ಲ, ಅದಕ್ಕೆ ತಾಯಿಯ ಕುಟುಂಬ ಇದ್ದೇ ಇದೆ. ಭಯ ಇರುವುದು ಹೆಣ್ಣುಸಂತಾನ ನಿಲ್ಲುವುದರಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಈ ಭಯಕ್ಕೆ ಕಾನೂನಿನ ಹೆಸರೇ ಕೊಟ್ಟಿತು. ಕುಟುಂಬದ ಕವಲಿಗೆ ಅಲ್ಲಿ ‘ಕವರು’ ಎಂದು ಹೆಸರು. ಐವತ್ತು ತುಂಬದ ಒಬ್ಬ ಹೆಂಗಸಾದರೂ ಇರುವ ಕವರು ‘ಸಂತತಿ ಕವರು’, ಉಳಿದದ್ದು ‘ನಿಸ್ಸಂತತಿ ಕವರು’. ಗಂಡಸರೇ ಇರುವ ಕವರು ಎಷ್ಟು ಗಟ್ಟಿಮುಟ್ಟಾಗಿದ್ದರೂ ಕಾನೂನಿನ ಕಣ್ಣಲ್ಲಿ ನಿಸ್ಸಂತತಿಯೇ. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ಇವರ ಪಾಲಿಗೆ ಬಂದ ಆಸ್ತಿಯನ್ನು ಬದುಕಿರುವವರೆಗೆ ಅನುಭವಿಸಬಹುದು, ಅಷ್ಟೇ. ಹೀಗೆ ಬದುಕಿರುವಾಗಲೇ ಮುಗಿದುಹೋದ ಮನೆ ಎನ್ನಿಸಿಕೊಳ್ಳುವ ಊರಿನಲ್ಲಿ ‘ನಿನಗೆ ವಾರಸಿಲ್ಲ’ ಎಂಬ ಮಾತು ಘಟ್ಟದ ಮೇಲಿಗಿಂತ ಒಂದು ಹಿಡಿ ಹೆಚ್ಚು ಖಾರವಾಗಿದ್ದಿರಬೇಕು.

ಇಂಗ್ಲಿಷಿನ ‘ಬಾಸ್ಟರ್ಡ್’ ಇದರ ದಾಯಾದಿ. ಅದೂ ಮೊದಲಿಗೆ ಬೈಗುಳವಾಗಿರದೆ ಕಾನೂನಿನ ವಿವರಣೆಯಾಗಿತ್ತು: ಮದುವೆಯಾಚೆ ಹುಟ್ಟಿದವನು, ಆದ್ದರಿಂದ ತಂದೆಯ ಆಸ್ತಿಗೆ ಹಕ್ಕಿಲ್ಲದವನು, ಇಂಗ್ಲೆಂಡಿನ ನ್ಯಾಯಾಲಯಗಳ ಲ್ಯಾಟಿನ್ ಮಾತಿನಲ್ಲಿ ‘ಯಾರ ಮಗನೂ ಅಲ್ಲದವನು’. ಹಳೆಯ ಫ್ರೆಂಚಿನಲ್ಲಿ ಹೇಸರಗತ್ತೆಯ ಬೆನ್ನಿನ ಜೀನಿಗೆ ‘ಬಾಸ್ತ್’ ಎನ್ನುತ್ತಿದ್ದರು, ಪಯಣದ ಹೇರಾಳುಗಳ ಹಾಸಿಗೆ ಅದೇ, ಅಲ್ಲಿ ಹುಟ್ಟಿದವನು ಬಾಸ್ಟರ್ಡ್ ಎಂಬುದು ಹೆಚ್ಚಿನವರು ಒಪ್ಪುವ ಮೂಲ. ಒಪ್ಪದವರೂ ಇದ್ದಾರೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಮ್‌ಗೆ ಸಮಕಾಲೀನರು ಇಟ್ಟಿದ್ದ ಹೆಸರೇ ಅದು, ಅವನು ಮಾತ್ರ ತಂದೆಯ ಡಚಿಯನ್ನೂ ಪಡೆದ, ಪರರ ರಾಜ್ಯವನ್ನೂ ಪಡೆದ. ಮದುವೆಯಾಚೆಯ ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಕೊಡುವ ಕಾಯ್ದೆ ಅಲ್ಲಿ ಬಂದದ್ದು 1969ರಲ್ಲಿ. ಅಷ್ಟರೊಳಗೆ ಶಬ್ದ ಆಸ್ಟ್ರೇಲಿಯಾ ತಲುಪಿ ಅರ್ಧ ಪ್ರೀತಿಯ ಮಾತಾಗಿತ್ತು. 1932-33ರ ಬಾಡಿಲೈನ್ ಸರಣಿಯ ಬಗ್ಗೆ ಕ್ರಿಕೆಟ್ ಮಂದಿ ಹೇಳುವ ಕತೆಯೊಂದಿದೆ. ತನ್ನನ್ನು ನಿಮ್ಮವರು ಯಾರೋ ಹೀಗೆ ಕರೆದರು ಎಂದು ಇಂಗ್ಲೆಂಡಿನ ನಾಯಕ ಜಾರ್ಡಿನ್ ದೂರು ಹೊತ್ತು ಬಂದನಂತೆ. ಬಾಗಿಲು ತೆರೆದ ವಿಕ್ ರಿಚರ್ಡ್‌ಸನ್ ತನ್ನ ತಂಡದತ್ತ ತಿರುಗಿ, ಕರೆದವನಿಗೂ ಕರೆಸಿಕೊಂಡವನಿಗೂ ಅದೇ ಶಬ್ದ ಬಳಸಿ ವಿಚಾರಣೆ ನಡೆಸಿದನಂತೆ. ಕತೆ ಎಷ್ಟು ನಿಜವೋ, ಕುಂದಾಪುರದವರಿಗೆ ಮಾತ್ರ ತಕ್ಷಣ ಅರ್ಥವಾಗುತ್ತದೆ.

ಬೇವರ್ಸಿಗೆ ಇನ್ನೊಬ್ಬ ನೆಂಟನಿದ್ದಾನೆ, ತೀರ ಅನಿರೀಕ್ಷಿತ. ತಮಿಳುನಾಡಿನ ಕಡೆ ವಂಶಪಾರಂಪರ್ಯವಾಗಿ ಭೂಮಿಯ ಹಕ್ಕುಳ್ಳ ದೊಡ್ಡ ಕುಳಕ್ಕೆ ‘ಮಿರಾಸುದಾರ’ ಎನ್ನುತ್ತಿದ್ದರು. ಮಿರಾಸು ಎಂದರೆ ಅರಬ್ಬಿಯಲ್ಲಿ ಪಿತ್ರಾರ್ಜಿತ, ಅದೂ ಹುಟ್ಟಿದ್ದು ವಾರಿಸ್ ಹುಟ್ಟಿದ ಧಾತುವಿನಿಂದಲೇ. ಮಿರಾಸುದಾರನೂ ಬೇವರ್ಸಿಯೂ ಒಂದೇ ಬಸಿರಿನವರು. ಇದನ್ನು ಮೊದಲ ಸಲ ಗಮನಿಸಿದಾಗ ನಾನು ಒಬ್ಬನೇ ಕೂತು ನಕ್ಕೆ.

ಮರ್ಯಾದಸ್ಥ ನಿಘಂಟುಗಳ ಕಾಲ ಈಗ ದಾಟಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಬಂತು, ಗದ್ದೆಯ ಮಾತು, ಪಾಡ್ದನದ ಮಾತು, ಜಾತಿಜಾತಿಯ ಉಚ್ಚಾರಭೇದ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಕುಂದಾಪ್ರ ಕನ್ನಡಕ್ಕೆ ಅದರದೇ ನಿಘಂಟು ಮಾಡಿದವರು ಗಂಗೊಳ್ಳಿ ಮೂಲದ, ಮುಂಬಯಿಯಲ್ಲಿರುವ ವ್ಯಂಗ್ಯಚಿತ್ರಕಾರ ಪಂಜು ಗಂಗೊಳ್ಳಿ. ಪ್ರೊಫೆಸರರು ಮಾಡಬೇಕಾದ ಕೆಲಸವನ್ನು ಗೆರೆ ಎಳೆಯುವವರೊಬ್ಬರು ಊರಿನಿಂದ ದೂರ ಕುಳಿತು, ವರ್ಷಗಟ್ಟಲೆ ಶಬ್ದ ಕೂಡಿಹಾಕಿ ಮಾಡಿದರು. ಬೈಗುಳದ ಬೆಲೆ ವ್ಯಂಗ್ಯಚಿತ್ರಕಾರನಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿದ್ದೀತು? ಆಷಾಢದ ಅಮಾವಾಸ್ಯೆಯನ್ನು ಈಗ ವಿಶ್ವ ಕುಂದಾಪ್ರ ಕನ್ನಡ ದಿನ ಎಂದು ಆಚರಿಸುತ್ತಾರೆ. ವೇದಿಕೆಯ ಮೇಲೆ ಗಾದೆ, ಒಗಟು, ತಿಂಡಿಯ ಹೆಸರುಗಳ ಮೆರವಣಿಗೆ ನಡೆಯುತ್ತದೆ, ಬೈಗುಳಗಳು ಮಾತ್ರ ಇನ್ನೂ ಸಭಿಕರ ಸಾಲಿನಲ್ಲೇ ಇವೆ.

ಕಚೇರಿಯಲ್ಲಿ ಉಳಿದ ಅರ್ಧ ಇಂದಿಗೂ ಸಂಭಾವಿತ. ಪತ್ರಿಕೆಯ ಒಳಪುಟದಲ್ಲಿ ರೈಲು ಹಳಿಯ ಬಳಿ ಸಿಕ್ಕ ಅಪರಿಚಿತ ಶವದ ಸುದ್ದಿಯ ಕೊನೆಗೆ ‘ವಾರಸುದಾರರು ಠಾಣೆಯನ್ನು ಸಂಪರ್ಕಿಸಬಹುದು’ ಎಂಬ ಸಾಲು ಇರುತ್ತದೆ. ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿದ ವಾರಸುದಾರರಿಲ್ಲದ ಬೈಕುಗಳನ್ನು ಹರಾಜು ಹಾಕುತ್ತಾರೆ. ಅಳಿಯಸಂತಾನದ ಕಟ್ಟನ್ನು ಸಡಿಲಿಸಿದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 29ನೇ ಕಲಮಿನ ಪ್ರಕಾರ, ಯಾವ ವಾರಸುದಾರನೂ ಇಲ್ಲದೆ ಸತ್ತವನ ಆಸ್ತಿ ಸರಕಾರಕ್ಕೆ ಹೋಗುತ್ತದೆ, ಅವನ ಸಾಲಸೋಲಗಳ ಸಮೇತ. ಹಾಗಾಗಿ ಕಾನೂನಿನ ಮಾತಿನಲ್ಲಿ ಪೂರ್ಣ ಬೇವರ್ಸಿ ಎಂಬವನು ಈ ದೇಶದಲ್ಲಿ ಯಾರೂ ಇಲ್ಲ. ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಬೇಕಾದರೂ ಇದ್ದಾರೆ.